ಉಳಿಸಿದ ಕಂಬ, ಸಿಡಿದ ಬಂಡೆ

ನೆಲದಡಿಯ ಗಣಿಯಲ್ಲಿ ಬಂಡೆ ಎರಡು ಬಗೆಯಲ್ಲಿ ಜೀವ ತೆಗೆಯುತ್ತದೆ. ತಲೆಯ ಮೇಲೆ ಸಡಿಲಾಗಿ ನಿಂತ ಚಪ್ಪಡಿ ತನ್ನ ಭಾರಕ್ಕೆ ತಾನೇ ಕಳಚಿ ಬೀಳುವುದು ಒಂದು. ಬಿರುಕು ಕಾಣದ, ಸುತ್ತಿಗೆಗೆ ಠಣ್ ಎನ್ನುವ ಗಟ್ಟಿ ಬಂಡೆ ಒತ್ತಡ ತಾಳಲಾರದೆ ಒಮ್ಮೆಗೇ ಸಿಡಿಯುವುದು ಇನ್ನೊಂದು. ಮೊದಲನೆಯದು ಇಪ್ಪತ್ತು ಮೀಟರ್ ಆಳದ ಗಣಿಯಲ್ಲೂ ಉಂಟು. ಎರಡನೆಯದು ಹೆಚ್ಚಾಗಿ ಆಳಕ್ಕೆ ಹೋದವರ ಪಾಲಿಗೆ ಬರುವಂಥದ್ದು. ಕೋಲಾರದ ಚಿನ್ನದ ಗಣಿಗಳು ಎರಡನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲ ಉಂಡವು. ಛಾವಣಿಯನ್ನೂ ಕಂಬವನ್ನೂ ಕುಸಿಯದಂತೆ ಕಾಯುವ ವಿದ್ಯೆಯಲ್ಲಿ ಕನ್ನಡ ನಾಡಿಗೆ ಸ್ವಂತದ ಒಂದು ಪಾಠವಿದ್ದರೆ ಅದು ಅಲ್ಲಿಂದ ಬಂದದ್ದು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಂದಿನಿಂದ, ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚುವವರೆಗೆ ಈ ನೆಲದಿಂದ ಸುಮಾರು 800 ಟನ್ ಚಿನ್ನ ಹೊರಬಂತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಒಂದೇ ಸಾಲಿನಲ್ಲಿದ್ದವು. ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಕೆಳಕ್ಕೆ ಇಳಿದು, ಬಹುಕಾಲ ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿತ್ತು. ಅಲ್ಲಿ ಬಂಡೆಯ ಶಾಖವೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು.

ಗಣಿ ಮುಚ್ಚಿದ ಮೇಲೆ, ಕೆಜಿಎಫ್ ಎಂದೇ ಕರೆಯುವ ಆ ಗಣಿ ಊರಿನ ಜನ ಚದುರಿದರು. ಊರಿನ ಮಾರಿಕುಪ್ಪಂ ನಿಲ್ದಾಣದಲ್ಲಿ ರೈಲು ಹತ್ತಿ ದಿನವೂ ಬೆಂಗಳೂರಿಗೆ ದುಡಿಯಲು ಹೋಗುವವರು ಒಂದು ಕಡೆ. ಮಕ್ಕಳಿಗೆ ಚೆನ್ನೈಯ ಹಳೇ ಮಹಾಬಲಿಪುರಂ ರಸ್ತೆಯ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸವಾಗಿ, ಅವರ ಜೊತೆಗೆ ಶೋಳಿಂಗನಲ್ಲೂರಿನ ಅಪಾರ್ಟ್‌ಮೆಂಟುಗಳಿಗೆ ಬಂದು ಸೇರಿದ ಹಿರಿಯರು ಇನ್ನೊಂದು ಕಡೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಗಣಿಯೊಳಗೆ ಎರಡಕ್ಕೂ ತೆಲುಗು, ಇಂಗ್ಲಿಷ್ ಬೆರೆತ ಮಾತು: ಅಂಥ ಊರಿನಲ್ಲಿ ಬೆಳೆದವರು ಇವರು. ಬಂಡೆಯ ಸಿಡಿತಕ್ಕೆ ಹೇಳುವ 'ಬರ್ಸ್ಟ್' ಎಂಬ ಮಾತನ್ನು ಇವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಗಣಿ ಕಾರ್ಮಿಕರ ಲೈನ್ ಮನೆಯ ಅಡುಗೆಕೋಣೆಯಲ್ಲಿ ಪಾತ್ರೆಗಳು ತಾವಾಗಿಯೇ ಗಲಗಲ ಎಂದಾಗ ಹೆಂಗಸರು ಮೊದಲು ನೆನೆಯುತ್ತಿದ್ದದ್ದು ಆ ಹೊತ್ತಿನ ಪಾಳಿಯಲ್ಲಿ ಕೆಳಗಿಳಿದವರನ್ನು. ನೆಲದಡಿ ಎರಡು ಮೂರು ಕಿಲೋಮೀಟರ್ ಆಳದಲ್ಲಿ ಬಂಡೆ ಸಿಡಿದದ್ದು ಮೇಲಿನ ಮನೆಯ ಗೋಡೆಗೂ ತಿಳಿಯುತ್ತಿತ್ತು.

ಮೇಲಿನ ಭಾರವೆಷ್ಟು ಎಂಬುದು ಸರಳ ಲೆಕ್ಕ. ಕೋಲಾರದ ಹಾರ್ನ್‌ಬ್ಲೆಂಡ್ ಶಿಸ್ಟ್ ಬಂಡೆ ಒಂದು ಘನ ಮೀಟರಿಗೆ ಸುಮಾರು 2.9 ಟನ್ ತೂಗುತ್ತದೆ. 3000 ಮೀಟರ್ ಆಳದಲ್ಲಿ ಒಂದೊಂದು ಚದರ ಮೀಟರಿನ ಮೇಲೂ 8700 ಟನ್ ಕೂತಿರುತ್ತದೆ. ಬಂಡೆ ಅಖಂಡವಾಗಿದ್ದಾಗ ಆ ಭಾರ ಎಲ್ಲ ಕಡೆ ಹಂಚಿಹೋಗಿರುತ್ತದೆ. ನಡುವೆ ಒಂದು ಪೊಳ್ಳು ತೆಗೆದ ಕೂಡಲೇ ಆ ಪೊಳ್ಳಿನ ಪಾಲಿನ ಭಾರ ಮಾಯವಾಗುವುದಿಲ್ಲ, ಅಕ್ಕಪಕ್ಕದ ಬಂಡೆಯ ಮೇಲೆ ಸರಿಯುತ್ತದೆ. ಗಣಿಗಾರಿಕೆಯ ಸುರಕ್ಷತೆಯ ಮುಕ್ಕಾಲು ಪಾಲು ಈ ಒಂದು ವಾಕ್ಯದಲ್ಲೇ ಇದೆ: ತೆಗೆದ ಜಾಗದ ಭಾರ ಎಲ್ಲಿಗೆ ಹೋಯಿತು ಎಂದು ಕೇಳಿಕೊಳ್ಳುವುದು.

ಚಪ್ಪಟೆಯಾಗಿ ಹಾಸಿದ ಪದರಗಳಿರುವ ಕಲ್ಲಿದ್ದಲು ಗಣಿಯಲ್ಲಿ ಈ ಪ್ರಶ್ನೆಗೆ ಉತ್ತರ ಕಣ್ಣಿಗೇ ಕಾಣುತ್ತದೆ. ಅಲ್ಲಿ ಗಲ್ಲಿಗಳಂತೆ ಅಡ್ಡಉದ್ದ ಹಾದಿ ಕೊರೆದು, ನಡುವೆ ಚೌಕದ ಕಂಬಗಳನ್ನು ಕಲ್ಲಿದ್ದಲಿನಲ್ಲೇ ಬಿಡುತ್ತಾರೆ. ಬೋರ್ಡ್ ಅಂಡ್ ಪಿಲ್ಲರ್ ಎಂಬ ಈ ಕ್ರಮ ಸಿಂಗರೇಣಿಯಿಂದ ಝರಿಯಾವರೆಗೆ ಭಾರತದಲ್ಲಿ ಬಳಕೆಯಲ್ಲಿದೆ. ಕಂಬದ ಅಗಲ ಎಷ್ಟಿರಬೇಕು? ಬಹುಕಾಲ ಇದು ಮೇಸ್ತ್ರಿಗಳ ಅಂದಾಜಿಗೆ ಬಿಟ್ಟ ವಿಷಯವಾಗಿತ್ತು. ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್ ಗಣಿಯಲ್ಲಿ 1960ರ ಜನವರಿ 21ರಂದು ಕಂಬಗಳು ಒಂದರ ಹಿಂದೊಂದು ಕುಸಿದು 430ಕ್ಕೂ ಹೆಚ್ಚು ಜನ ಒಳಗೇ ಉಳಿದರು. ಆ ಮೇಲೆ ಅಂದಾಜು ಸಾಲದಾಯಿತು.

ಸಾಲಮನ್ ಮತ್ತು ಮನ್ರೋ ಎಂಬ ಇಬ್ಬರು ಸಂಶೋಧಕರು ಆ ದೇಶದ ಗಣಿಗಳಲ್ಲಿ ಕುಸಿದ 27 ಕಡೆಗಳನ್ನೂ ನಿಂತೇ ಇದ್ದ 98 ಕಡೆಗಳನ್ನೂ ಹೋಲಿಸಿ 1967ರಲ್ಲಿ ಒಂದು ಸೂತ್ರ ಕೊಟ್ಟರು. ಕಂಬದ ಅಗಲ ಹೆಚ್ಚಿದಂತೆ ಬಲ ಹೆಚ್ಚುತ್ತದೆ, ಎತ್ತರ ಹೆಚ್ಚಿದಂತೆ ಬಲ ಕುಗ್ಗುತ್ತದೆ ಎಂಬುದನ್ನು ಅದು ಅಂಕಿಗಳಲ್ಲಿ ಹೇಳುತ್ತದೆ. 100 ಮೀಟರ್ ಆಳದಲ್ಲಿ, 6 ಮೀಟರ್ ಅಗಲದ ಹಾದಿಗಳ ನಡುವೆ, 3 ಮೀಟರ್ ಎತ್ತರದ 6 ಮೀಟರ್ ಚೌಕದ ಕಂಬ ಬಿಟ್ಟರು ಎಂದುಕೊಳ್ಳಿ. ಆ ಕಂಬ ತನ್ನ ತಲೆಯ ಮೇಲಿನದನ್ನಷ್ಟೇ ಹೊರುವುದಿಲ್ಲ. ಸುತ್ತಲಿನ ಹಾದಿಗಳ ಅರ್ಧರ್ಧ ಪಾಲನ್ನೂ ಸೇರಿಸಿ ನಾಲ್ಕು ಪಟ್ಟು ಹೊರುತ್ತದೆ. ಚದರ ಮೀಟರಿಗೆ ಸುಮಾರು 1000 ಟನ್. ಸೂತ್ರದ ಪ್ರಕಾರ ಅದರ ಬಲ 800 ಟನ್ನಿನ ಆಸುಪಾಸು. ಅಂದರೆ ಅದು ಕುಸಿಯಬೇಕಾದ ಕಂಬ. ಅಗಲವನ್ನು 12 ಮೀಟರಿಗೆ ಏರಿಸಿದರೆ ಭಾರ 560 ಟನ್ನಿಗೆ ಇಳಿದು ಬಲ 1100 ಟನ್ ಮೀರುತ್ತದೆ. ಭಾರಕ್ಕಿಂತ ಬಲ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಸಾಲಮನ್ನರ ಎಣಿಕೆಯಲ್ಲಿ 1.6 ಪಟ್ಟು ಇದ್ದರೆ ಒಳ್ಳೆಯ ಕಂಬ. ಆದರೆ ಸೂತ್ರ ಆ ದೇಶದ ಕಲ್ಲಿದ್ದಲಿಗೆ ಹೊಂದಿಸಿದ್ದು. ಬೇರೆ ಪದರಕ್ಕೆ ಬೇರೆ ಅಂಕಿ ಬೇಕು, ಅದನ್ನು ಆ ಗಣಿಯ ಅನುಭವದಿಂದಲೇ ಹುಡುಕಬೇಕು.

ಕೋಲ್‌ಬ್ರೂಕ್ ಇನ್ನೊಂದನ್ನೂ ಕಲಿಸಿತು. ಒಂದು ಕಂಬ ಸೋತರೆ ಅದರ ಭಾರ ನೆರೆಯ ಕಂಬಗಳಿಗೆ ಹೋಗುತ್ತದೆ. ಅವೂ ಅಂಚಿನಲ್ಲೇ ಇದ್ದರೆ ಅವೂ ಸೋಲುತ್ತವೆ, ನೂರಾರು ಕಂಬಗಳು ನಿಮಿಷಗಳಲ್ಲಿ ಹೋಗುತ್ತವೆ. ಇದನ್ನು ತಡೆಯಲು ಗಣಿಯನ್ನು ಪ್ಯಾನೆಲ್‌ಗಳಾಗಿ ಒಡೆದು, ಒಂದು ಪ್ಯಾನೆಲಿಗೂ ಇನ್ನೊಂದಕ್ಕೂ ನಡುವೆ ಬಹಳ ಅಗಲವಾದ ಬ್ಯಾರಿಯರ್ ಕಂಬವನ್ನು ಮುಟ್ಟದೆ ಬಿಡುತ್ತಾರೆ. ಕುಸಿತ ಹುಟ್ಟಿದರೂ ಅಲ್ಲಿಗೆ ನಿಲ್ಲಲಿ ಎಂದು. ಗಣಿಯ ಕೊನೆಗಾಲದಲ್ಲಿ ಲಾಭದ ಕಣ್ಣು ಬೀಳುವುದು ಇದೇ ಬ್ಯಾರಿಯರಿನ ಮೇಲೆ. ಅಮೆರಿಕದ ಯೂಟಾದ ಕ್ರ್ಯಾಂಡಲ್ ಕ್ಯಾನ್ಯನ್ ಗಣಿಯಲ್ಲಿ 2007ರ ಆಗಸ್ಟ್ 6ರಂದು ಬ್ಯಾರಿಯರನ್ನು ಕತ್ತರಿಸುತ್ತಿದ್ದಾಗ ಕಂಬಗಳು ಸಿಡಿದು ಆರು ಜನ ಸಿಕ್ಕಿಹಾಕಿಕೊಂಡರು. ಹತ್ತು ದಿನ ಕಳೆದ ಮೇಲೆ ಇನ್ನೊಂದು ಸಿಡಿತಕ್ಕೆ ಅವರನ್ನು ಹುಡುಕಲು ಹೋದ ಮೂವರು ಬಲಿಯಾದರು. ಉಳಿಸಿದ ಕಂಬವನ್ನು ಕೊನೆಗೆ ಕೀಳುವ ಕೆಲಸದಷ್ಟು ಅಪಾಯದ್ದು ಗಣಿಯಲ್ಲಿ ಇನ್ನೊಂದಿಲ್ಲ.

ಕೋಲಾರದ ಸ್ಥಿತಿ ಬೇರೆ. ಅಲ್ಲಿಯ ಚಿನ್ನ ಇದ್ದದ್ದು ತೆಳುವಾದ ಬಿಳಿಕಲ್ಲಿನ ರೀಫ್‌ನಲ್ಲಿ. ಆ ರೀಫು ಆಳಕ್ಕೆ ಹೋದಂತೆ ಬಹುತೇಕ ನೆಟ್ಟಗೆ ನಿಂತಿತ್ತು. ಅದನ್ನು ತೆಗೆದ ಜಾಗಕ್ಕೆ ಸ್ಟೋಪ್ ಎಂದು ಹೆಸರು. ಅದು ಕೋಣೆಯ ಆಕಾರದ್ದಲ್ಲ, ಎರಡು ಗೋಡೆಗಳ ನಡುವಿನ ಓಣಿ. ಅಲ್ಲಿ ಮೇಲಿನ ಛಾವಣಿಗಿಂತ ಅಕ್ಕಪಕ್ಕದ ಗೋಡೆಗಳ ಭಯವೇ ದೊಡ್ಡದು. ಹ್ಯಾಂಗಿಂಗ್ ವಾಲ್ ಎನ್ನುವ ಮೇಲ್ಮಗ್ಗುಲೂ ಫುಟ್‌ವಾಲ್ ಎನ್ನುವ ಕೆಳಮಗ್ಗುಲೂ ದಿನದಿಂದ ದಿನಕ್ಕೆ ಒಂದರ ಕಡೆಗೆ ಇನ್ನೊಂದು ಸರಿಯುತ್ತವೆ. ಮೊದಮೊದಲು ಅವನ್ನು ತಡೆಯಲು ಮರದ ದಿಮ್ಮಿ ಕೊಟ್ಟರು. ಅದಿರು ಕಡಿಮೆಯಿದ್ದ ಕಡೆ, ಸುತ್ತಲಿನ ಬಂಡೆಯನ್ನು ಸೀಳಿ ನಿಂತ ಬೇರೆ ಬಂಡೆಯ ಗೋಡೆ, ಅಂದರೆ ಡೈಕ್, ಅಡ್ಡ ಬಂದ ಕಡೆ ರೀಫನ್ನೇ ಕಂಬವಾಗಿ ಬಿಟ್ಟು ಮುಂದೆ ಹೋದರು.

ಆಳ ಕಡಿಮೆ ಇದ್ದಷ್ಟು ಕಾಲ ಆ ಕಂಬಗಳು ಕಾದವು. 1898ರಲ್ಲಿ ಊರಿಗಾಂ ಗಣಿಯಲ್ಲಿ ಮೊದಲ ಬಾರಿಗೆ ಬಂಡೆ ಸಿಡಿದದ್ದು ದಾಖಲಾಯಿತು. ಅದೇನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಸಿಡಿದಾಗ ಗಾಳಿ ನುಗ್ಗಿ ದೀಪ ಆರಿಸುತ್ತಿತ್ತಾದ್ದರಿಂದ 'ಏರ್ ಬ್ಲಾಸ್ಟ್' ಎಂದು ಕರೆದರು; ಮೇಲೆ ನೆಲ ನಡುಗಿದರೆ 'ಕ್ವೇಕ್' ಎಂದರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1904ರಲ್ಲೇ ಕೋಲಾರದ ಏರ್ ಬ್ಲಾಸ್ಟ್ ಮತ್ತು ಕ್ವೇಕ್‌ಗಳ ಮೇಲೆ ಒಂದು ಬುಲೆಟಿನ್ ಹೊರತಂದರು. ಒಂದು ದೇಶೀ ಸಂಸ್ಥಾನದ ಇಲಾಖೆ ಇಷ್ಟು ಬೇಗ ಈ ವಿಷಯಕ್ಕೆ ಕೈಹಾಕಿದ್ದು ಹೆಮ್ಮೆ ಪಡಬೇಕಾದ ಸಂಗತಿ.

ಅನುಭವ ಕೂಡುತ್ತ ಬಂದಂತೆ ಒಂದು ಕಹಿ ಸತ್ಯ ಸ್ಪಷ್ಟವಾಯಿತು. ಸಿಡಿತಗಳಲ್ಲಿ ಬಹಳಷ್ಟು ಹುಟ್ಟುತ್ತಿದ್ದದ್ದು ಕಾಪಾಡಲೆಂದು ಬಿಟ್ಟ ಕಂಬಗಳಲ್ಲೇ. ಸುತ್ತಲಿನದನ್ನೆಲ್ಲ ತೆಗೆದಾದ ಮೇಲೆ ನಡುವೆ ಉಳಿದ ಸಣ್ಣ ತುಂಡಿನ ಮೇಲೆ ಆ ಇಡೀ ವಿಸ್ತಾರದ ಭಾರ ಬಂದು ಕೂರುತ್ತದೆ. ಮೆತ್ತನೆಯ ಬಂಡೆಯಾದರೆ ನಿಧಾನವಾಗಿ ನುಜ್ಜಾಗಿ, ಸೂಚನೆ ಕೊಟ್ಟು ಸೋಲುತ್ತದೆ. ಕೋಲಾರದ ಬಂಡೆ ಬಹಳ ಗಟ್ಟಿ. ಅದು ಕೊನೆಯವರೆಗೂ ಬಾಗದೆ, ಒಳಗೆ ಶಕ್ತಿಯನ್ನು ಕೂಡಿಟ್ಟುಕೊಂಡು, ಒಂದು ಕ್ಷಣದಲ್ಲಿ ಚೂರುಚೂರಾಗಿ ಎಸೆಯುತ್ತದೆ. ಬಂಡೆ ಗಟ್ಟಿಯಿದ್ದಷ್ಟೂ ಗಣಿ ಸುರಕ್ಷಿತ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಮೂರು ಕಿಲೋಮೀಟರ್ ಆಳದಲ್ಲಿ ಆ ನಂಬಿಕೆ ತಲೆಕೆಳಗಾಗುತ್ತದೆ.

ಎರಡು ಸ್ಟೋಪುಗಳ ಮುಖ ಎದುರೆದುರಾಗಿ ಹತ್ತಿರವಾಗುವುದೂ ಇದೇ ಕಥೆ. ಎರಡರ ನಡುವೆ ಉಳಿದ ಪಟ್ಟಿ ದಿನೇದಿನೇ ಸಣ್ಣದಾಗುತ್ತ, ಕೊನೆಯ ಕೆಲವು ಮೀಟರಿನಲ್ಲಿ ಯಾರೂ ನಿಲ್ಲಬಾರದ ಜಾಗವಾಗುತ್ತದೆ. ಡೈಕ್ ಮತ್ತು ಸ್ತರಭಂಗಗಳ ಬಳಿಯೂ ಹಾಗೆಯೇ. ಅಲ್ಲಿ ಬಂಡೆಯ ಗುಣ ಒಮ್ಮೆಗೇ ಬದಲಾಗುವುದರಿಂದ ಒತ್ತಡ ಒಂದು ಗೆರೆಯ ಉದ್ದಕ್ಕೂ ಮಡುಗಟ್ಟುತ್ತದೆ. ಕೋಲಾರದಲ್ಲಿ ಸಿಡಿತಗಳನ್ನು ಎರಡು ತೂಕದಲ್ಲಿ ಅಳೆಯುತ್ತಿದ್ದರು. ಒಂದು ಸ್ಟೋಪಿನಲ್ಲಿ ಆಗಿ ಮುಗಿಯುವ ಸಾಮಾನ್ಯ ಬರ್ಸ್ಟ್. ದೊಡ್ಡ ವಿಸ್ತಾರದಲ್ಲಿ ಒಂದರ ಹಿಂದೆ ಒಂದರಂತೆ ದಿನಗಟ್ಟಲೆ ನಡೆದು, ಲೆವೆಲ್‌ಗಳನ್ನೂ ಶಾಫ್ಟುಗಳನ್ನೂ ಹಾಳುಗೆಡವುವ ಏರಿಯಾ ಬರ್ಸ್ಟ್. ಹಳಬರ ನೆನಪಿನಲ್ಲಿ ಭಯವಾಗಿ ಉಳಿದಿರುವುದು ಎರಡನೆಯದು. ಅದು ಶುರುವಾದರೆ ಆ ಭಾಗಕ್ಕೆ ಜನರನ್ನು ಇಳಿಸುವುದನ್ನು ನಿಲ್ಲಿಸಿ, ಬಂಡೆ ತಣ್ಣಗಾಗುವವರೆಗೆ ಕಾಯುವುದೊಂದೇ ದಾರಿ.

ಹಾಗಾದರೆ ಮಾಡಬೇಕಾದ್ದೇನು? ಕೋಲಾರ ಕಂಡುಕೊಂಡ ಉತ್ತರದಲ್ಲಿ ಎರಡು ಮಾತುಗಳಿವೆ. ಮೊದಲನೆಯದು, ತೆಗೆದ ಜಾಗವನ್ನು ಬರಿದಾಗಿ ಬಿಡಬಾರದು. ಮರದ ದಿಮ್ಮಿ ಒತ್ತಿದಷ್ಟು ಕುಗ್ಗುತ್ತದೆ, ಬೆಂಕಿಗೆ ಸಿಗುತ್ತದೆ, ಆ ಬಿಸಿ ತೇವದಲ್ಲಿ ಕೊಳೆಯುತ್ತದೆ. ಅದರ ಬದಲು ಗ್ರಾನೈಟ್ ಕಲ್ಲನ್ನು ಮೇಲೆ ಹದವಾಗಿ ಕಡಿದು, ಕೇಜಿನಲ್ಲಿ ಕೆಳಗಿಳಿಸಿ, ಸ್ಟೋಪಿನ ಎರಡು ಗೋಡೆಗಳ ನಡುವೆ ಬಿಗಿಯಾಗಿ ಕಟ್ಟಿದರು. ನೆಲದಡಿ ಎರಡು ಕಿಲೋಮೀಟರಿನಲ್ಲಿ, ಬೆವರು ಕಣ್ಣಿಗಿಳಿಯುವ ಸೆಕೆಯಲ್ಲಿ, ಮೊಣಕಾಲೂರಿ ಕಲ್ಲಿಗೆ ಕಲ್ಲು ಹೊಂದಿಸಿ ಗೋಡೆ ಕಟ್ಟಿದ ಆಳುಗಳ ಕೆಲಸ ಆ ಊರಿನ ಚರಿತ್ರೆಗಳಲ್ಲಿ ಚಿನ್ನದ ತೂಕದ ಮುಂದೆ ಮರೆಗೆ ಸರಿದಿದೆ. ಅದು ನ್ಯಾಯವಲ್ಲ. ಮುಂದೆ ಕಾಂಕ್ರೀಟು ಬಂದು ಅದೇ ಕೆಲಸವನ್ನು ಇನ್ನಷ್ಟು ಬಿಗಿಯಾಗಿ ಮಾಡಿತು.

ಬಿಗಿ ಎಂಬುದು ಇಲ್ಲಿ ಮುಖ್ಯವಾದ ಮಾತು. ಗೋಡೆಗಳು ಅರ್ಧ ಅಡಿ ಸರಿದ ಮೇಲೆ ತಡೆಯಲು ನಿಂತ ಆಸರೆಗಿಂತ, ಸರಿಯುವ ಮೊದಲೇ ತಡೆದ ಆಸರೆ ಮೇಲು. ಗೋಡೆಗಳು ಹತ್ತಿರವಾದಷ್ಟೂ ಮೇಲಿನ ಬೆಟ್ಟದಂಥ ಭಾರ ಅಷ್ಟು ಕೆಳಗಿಳಿಯುತ್ತದೆ, ಅಷ್ಟು ಶಕ್ತಿ ಬಿಡುಗಡೆಯಾಗುತ್ತದೆ. 1960ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಎನ್. ಜಿ. ಡಬ್ಲ್ಯು. ಕುಕ್ ಮತ್ತು ಸಂಗಡಿಗರು ಈ ಶಕ್ತಿಯ ಲೆಕ್ಕವನ್ನೇ ಆಳದ ಗಣಿಯ ವಿನ್ಯಾಸದ ಅಳತೆಗೋಲಾಗಿ ಮಾಡಿದರು. ಕಲ್ಲಿದ್ದಲು ಗಣಿಗಳಲ್ಲಿ ನದಿಯ ಮರಳನ್ನು ನೀರಿನ ಜೊತೆ ಕೊಳವೆಯಲ್ಲಿ ಹರಿಸಿ ಬರಿದಾದ ಜಾಗ ತುಂಬುವುದರ ಹಿಂದೆಯೂ ಇದೇ ತತ್ವವಿದೆ. ಅದಿರು ಅರೆದು ಉಳಿದ ಹೂಳಿಗೆ ಸಿಮೆಂಟು ಬೆರೆಸಿ ತುಂಬುವ ಕ್ರಮ ಈಗ ಅನೇಕ ಲೋಹದ ಗಣಿಗಳಲ್ಲಿದೆ. ನದಿಗೆ ಮರಳು ಉಳಿಯುತ್ತದೆ, ಮೇಲೆ ಹೂಳಿನ ಗುಡ್ಡವೂ ಕರಗುತ್ತದೆ. ಕೆಜಿಎಫ್‌ನಲ್ಲಿ ಗಾಳಿ ಬಂದಾಗ ಧೂಳೇಳುವ ಸೈನೈಡ್ ಹೂಳಿನ ದಿಬ್ಬಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಎರಡನೆಯ ಮಾತು ಆಸರೆಗಿಂತಲೂ ದೊಡ್ಡದು: ತೆಗೆಯುವ ಕ್ರಮ. ಯಾವ ಸ್ಟೋಪು ಮೊದಲು, ಯಾವುದು ಆಮೇಲೆ, ಮುಖ ಯಾವ ಕಡೆಗೆ ಸರಿಯಬೇಕು ಎಂಬುದನ್ನು ವರ್ಷಗಳ ಮೊದಲೇ ನಕ್ಷೆಯ ಮೇಲೆ ತೀರ್ಮಾನಿಸಬೇಕು. ನಡುವೆ ತುಂಡು ಉಳಿಯದಂತೆ ಒಂದೇ ಉದ್ದನೆಯ ಮುಖವಾಗಿ ಸಾಗಬೇಕು. ಎದುರೆದುರು ಬರದೆ ಒಂದೇ ದಿಕ್ಕಿಗೆ, ಸ್ತರಭಂಗ ಅಥವಾ ಡೈಕಿನಿಂದ ಶುರುಮಾಡಿ ಅದರಿಂದ ದೂರಕ್ಕೆ ಹೋಗಬೇಕು. ಅದಿರು ಚೆನ್ನಾಗಿರುವ ತುಂಡನ್ನು ಮೊದಲು ಕಿತ್ತು, ಬಡ ತುಂಡನ್ನು ಆಮೇಲೆ ನೋಡೋಣ ಎಂಬ ಆಸೆ ಇದಕ್ಕೆ ಹಗೆ. ಇವತ್ತಿನ ಲಾಭಕ್ಕೆ ಬಿಟ್ಟ ಬಡ ತುಂಡು ಇಪ್ಪತ್ತು ವರ್ಷದ ಮೇಲೆ ಬೇರೊಬ್ಬರ ತಲೆಯ ಮೇಲೆ ಸಿಡಿಯುತ್ತದೆ.

ಈ ತಿಳಿವು ಕೋಲಾರದಿಂದ ಹೊರಗೂ ಹೋಯಿತು. ಕೋಲಾರದಲ್ಲಿ ದುಡಿದ ಅನುಭವವಿದ್ದ ಎಂಜಿನಿಯರ್ ಆರ್. ಜಿ. ಕೆ. ಮಾರಿಸನ್ 1942ರಲ್ಲಿ ಕೆನಡಾದ ಆಂಟಾರಿಯೊ ಗಣಿಗಳ ಸಿಡಿತಗಳ ಮೇಲೆ ವರದಿ ಬರೆದರು. ಪೊಳ್ಳಿನ ಸುತ್ತ ಬಂಡೆ ಗುಮ್ಮಟದ ಆಕಾರದಲ್ಲಿ ಸಡಿಲಾಗುತ್ತದೆ, ಆ ಗುಮ್ಮಟದ ಅಂಚಿನಲ್ಲಿ ಒತ್ತಡ ಕೂಡುತ್ತದೆ ಎಂಬ ಅವರ ವಿವರಣೆಯೂ, ತೆಗೆಯುವ ಕ್ರಮದ ಬಗ್ಗೆ ಅವರು ಕೊಟ್ಟ ಒತ್ತೂ ಆ ದೇಶದ ಗಣಿಗಾರಿಕೆಯಲ್ಲಿ ಬಹುಕಾಲ ಚರ್ಚೆಯಾದವು. ಇತ್ತ ಕೋಲಾರದಲ್ಲಿ ಸಿಡಿತಗಳ ಬಗ್ಗೆಯೇ ವಿಶೇಷ ಸಮಿತಿ ಕೂತು 1955ರಲ್ಲಿ ವರದಿ ಕೊಟ್ಟಿತು.

ಇಷ್ಟೆಲ್ಲ ದೊಡ್ಡ ವಿನ್ಯಾಸದ ವಿಷಯ. ಆದರೆ ಜಗತ್ತಿನ ಗಣಿಗಳಲ್ಲಿ ಹೆಚ್ಚು ಜನರನ್ನು ಒಬ್ಬೊಬ್ಬರಾಗಿ, ಪತ್ರಿಕೆಗೆ ಸುದ್ದಿಯಾಗದಂತೆ ಕೊಂದದ್ದು ಮೊದಲ ಬಗೆಯ ಬಂಡೆ: ಸಡಿಲಾಗಿ ಕಳಚಿ ಬೀಳುವ ಚಪ್ಪಡಿ. ಅದನ್ನು ತಡೆಯುವ ವಿದ್ಯೆ ಕೈಯಲ್ಲೂ ಕಿವಿಯಲ್ಲೂ ಇದೆ. ಸಿಡಿಮದ್ದು ಹಾರಿಸಿ, ಹೊಗೆ ಹೋದ ಮೇಲೆ ಮೊದಲು ಒಳಗೆ ಹೋಗುವವನು ಉದ್ದನೆಯ ಹಾರೆ ಹಿಡಿದಿರುತ್ತಾನೆ. ಆಸರೆ ಇರುವ, ಪರೀಕ್ಷಿಸಿ ಆಗಿರುವ ಛಾವಣಿಯ ಕೆಳಗೇ ನಿಂತು ಮುಂದಿನದನ್ನು ತಟ್ಟುತ್ತಾನೆ. ಗಟ್ಟಿ ಬಂಡೆ ಗಂಟೆಯ ದನಿ ಕೊಡುತ್ತದೆ. ಹಿಂದೆ ಬಿರುಕಿರುವ ಬಂಡೆ ಡೊಳ್ಳಾಗಿ, ಒಡಕು ದನಿಯಲ್ಲಿ ಡಬ್ ಎನ್ನುತ್ತದೆ. ಸಂಶಯ ಬಂದರೆ ಒಂದು ಕೈಯಲ್ಲಿ ತಟ್ಟುತ್ತ ಇನ್ನೊಂದು ಕೈಯ ಬೆರಳನ್ನು ಬಂಡೆಗೆ ಒತ್ತಿ ಹಿಡಿಯುತ್ತಾನೆ. ಕಿವಿಗೆ ತಿಳಿಯದ ಅದುರು ಬೆರಳಿಗೆ ತಿಳಿಯುತ್ತದೆ. ಡೊಳ್ಳೆನಿಸಿದ್ದನ್ನು ಹಾರೆಯಿಂದ ಮೀಟಿ ಕೆಡವಬೇಕು. ಕೆಡವಲಾಗದಿದ್ದರೆ ಆಸರೆ ಕೊಡಬೇಕು. ಎರಡೂ ಆಗದಿದ್ದರೆ ಬೇಲಿ ಹಾಕಿ ಹಿಂದಕ್ಕೆ ಬರಬೇಕು. ಹಾಗೆ ಮೀಟುವಾಗ ಜೊತೆಗೊಬ್ಬ ದೀಪ ಹಿಡಿದು ಮೇಲೆಯೇ ಕಣ್ಣಿಟ್ಟಿರಬೇಕು, ಓಡಿ ಬರುವ ದಾರಿಯಲ್ಲಿ ಕಲ್ಲು, ಕೊಳವೆ, ಉಪಕರಣ ಏನೂ ಅಡ್ಡ ಬಿದ್ದಿರಬಾರದು.

ಈ ಕೆಲಸಕ್ಕೆ ಅವಸರ ಶತ್ರು. ಪಾಳಿಗೆ ಇಷ್ಟು ಅಡಿ ಎಂದು ಕೂಲಿ ಗೊತ್ತುಮಾಡಿದ ಕಡೆ ತಟ್ಟಿ ನೋಡುವ ಹೊತ್ತು ಮೊದಲು ಸೊರಗುತ್ತದೆ. ತಟ್ಟಿ ನೋಡಿದ್ದಕ್ಕೂ ಕೂಲಿ, ಆಸರೆ ಕೊಟ್ಟದ್ದಕ್ಕೂ ಕೂಲಿ ಎಂದಾದ ಗಣಿಯಲ್ಲಿ ಮಾತ್ರ ನಿಯಮ ಕಾಗದದಿಂದ ಕೆಳಗಿಳಿಯುತ್ತದೆ.

ಮರದ ಆಸರೆಗೆ ಇರುವ ಒಂದು ಗುಣವನ್ನು ಹಳೆಯ ಗಣಿಯವರು ಎಲ್ಲ ದೇಶದಲ್ಲೂ ಒಂದೇ ಬಾಯಲ್ಲಿ ಹೇಳುತ್ತಾರೆ. ಭಾರ ಹೆಚ್ಚಿದರೆ ಮರ ಕಿರುಗುಟ್ಟುತ್ತದೆ, ಸೀಳುತ್ತದೆ, ಮುರಿಯುವ ಮೊದಲು ಹೊತ್ತು ಕೊಡುತ್ತದೆ. ಉಕ್ಕು ಸುಮ್ಮನಿದ್ದು ಒಮ್ಮೆಗೇ ಬಾಗುತ್ತದೆ. ಆದ್ದರಿಂದ ಉಕ್ಕಿನ ಆಸರೆ ಬಂದ ಮೇಲೂ ಹಲವು ಕಡೆ ಒಂದೆರಡು ಮರದ ಕಂಬಗಳನ್ನು ಸೂಚನೆಗೆಂದೇ ನಿಲ್ಲಿಸುತ್ತಿದ್ದರು.

ಇಪ್ಪತ್ತನೆಯ ಶತಮಾನದ ನಡುವಿನಿಂದ ಹಬ್ಬಿದ ರೂಫ್ ಬೋಲ್ಟ್ ಇಡೀ ಯೋಚನೆಯನ್ನೇ ಬದಲಿಸಿತು. ಕೆಳಗಿನಿಂದ ಎತ್ತಿ ಹಿಡಿಯುವ ಬದಲು ಬಂಡೆಯನ್ನು ಬಂಡೆಗೇ ಕಟ್ಟುವುದು. ಛಾವಣಿಗೆ ಒಂದೂವರೆ ಎರಡು ಮೀಟರ್ ತೂತು ಕೊರೆದು, ಸಿಮೆಂಟ್ ಅಥವಾ ರೆಸಿನ್ ಕ್ಯಾಪ್ಸೂಲ್ ಹಾಕಿ, ಉಕ್ಕಿನ ಸರಳನ್ನು ತಿರುಗಿಸಿ ಒಳಗೆ ಕೂರಿಸಿ, ಹೊರತುದಿಗೆ ತಟ್ಟೆ ಕೊಟ್ಟು ನಟ್ಟು ಬಿಗಿಯುತ್ತಾರೆ. ಹಳೆಯ ಸೀರೆಗಳ ಪದರ ಪದರ ಸೇರಿಸಿ ಹೊಲಿದ ಕೌದಿ ಹೇಗೆ ಒಂದೇ ದಪ್ಪ ಹಾಸಾಗುತ್ತದೋ ಹಾಗೆ, ಬಿಡಿಬಿಡಿಯಾಗಿ ಜೋತುಬೀಳುತ್ತಿದ್ದ ತೆಳು ಪದರಗಳು ಸೇರಿ ಒಂದೇ ದಪ್ಪ ತೊಲೆಯಾಗುತ್ತವೆ. ಹೊಲಿಗೆ ಎಷ್ಟು ಹತ್ತಿರ ಬೇಕೆಂಬುದು ಬಂಡೆಯ ಗುಣದ ಮೇಲೆ ನಿಂತಿದೆ. ಭಾರತದ ಕಲ್ಲಿದ್ದಲು ಗಣಿಗಳಿಗೆ ಧನಬಾದಿನ ಕೇಂದ್ರೀಯ ಗಣಿ ಸಂಶೋಧನಾ ಸಂಸ್ಥೆ ಒಂದು ಅಂಕದ ಪದ್ಧತಿ ಮಾಡಿಕೊಟ್ಟಿದೆ. ಪದರದ ದಪ್ಪ, ಬಿರುಕು ಸೀಳುಗಳ ಲಕ್ಷಣ, ನೀರು ತಗುಲಿದರೆ ಕರಗುವ ಗುಣ, ಬಂಡೆಯ ಬಲ, ಒಸರುವ ನೀರು, ಈ ಐದಕ್ಕೆ ಅಂಕ ಕೊಟ್ಟು ಕೂಡಿದರೆ ಛಾವಣಿಯ ಯೋಗ್ಯತೆ ತಿಳಿಯುತ್ತದೆ, ಅದರಂತೆ ಆಸರೆ. ಹಾಕಿದ ಬೋಲ್ಟಿನಲ್ಲಿ ಕೆಲವನ್ನು ಜಾಕಿನಿಂದ ಎಳೆದು ಹಿಡಿತ ನೋಡದಿದ್ದರೆ ಈ ಲೆಕ್ಕವೆಲ್ಲ ದಂಡ. ಸಿಡಿಯುವ ಬಂಡೆಗೆ ಬರಿಯ ಬೋಲ್ಟು ಸಾಲದು. ತಂತಿಬಲೆಯೂ, ಎಳೆದರೆ ಸ್ವಲ್ಪ ಜಾರಿಕೊಟ್ಟು ಪೆಟ್ಟನ್ನು ನುಂಗುವ ವಿಶೇಷ ಬೋಲ್ಟೂ ಬೇಕು.

ಕೆಜಿಎಫ್‌ನ ಹಿರಿಯರು ಬಂದು ಸೇರಿದ ಶೋಳಿಂಗನಲ್ಲೂರಿನಲ್ಲಿ ಚೆನ್ನೈ ಮೆಟ್ರೋ ಎರಡನೆಯ ಹಂತದ ಎರಡು ಮಾರ್ಗಗಳು ಕೂಡುವಂತೆ ಯೋಜನೆಯಾಗಿದೆ. ಅಲ್ಲಿ ಅವು ಎತ್ತರದ ಕಂಬಗಳ ಮೇಲಿನ ಮಾರ್ಗಗಳು, ಚೆನ್ನೈಯ ಒಳಭಾಗದಲ್ಲಿ ಸುರಂಗಕ್ಕಿಳಿಯುವಂಥವು. ಸುರಂಗ ಕೊರೆಯುವ ಯಂತ್ರ ಮುಂದೆ ಸಾಗಿದಂತೆ ಹಿಂದೆಯೇ ಕಾಂಕ್ರೀಟ್ ತುಂಡುಗಳ ಬಳೆಯನ್ನು ಜೋಡಿಸುತ್ತ ಹೋಗುತ್ತದೆ; ಬರಿಯ ಮಣ್ಣಿನ ಕೆಳಗೆ ಮನುಷ್ಯ ನಿಲ್ಲುವ ಪ್ರಸಂಗವೇ ಕಡಿಮೆ. ಗಣಿಯನ್ನೂ ಹೀಗೇ ಮಾಡಬಾರದೇಕೆ ಎಂಬುದು ಸಹಜವಾದ ಪ್ರಶ್ನೆ. ಸುರಂಗ ಒಮ್ಮೆ ಆದರೆ ಆಯಿತು, ಅದರ ಸುತ್ತಲಿನ ನೆಲ ಹಾಗೇ ಉಳಿಯುತ್ತದೆ. ಗಣಿಯಲ್ಲಿ ಸುತ್ತಲಿನ ನೆಲವೇ ದಿನವೂ ಕರಗುತ್ತಿರುತ್ತದೆ. ನಿನ್ನೆ ಸಾಕಾಗಿದ್ದ ಆಸರೆ ಪಕ್ಕದ ಸ್ಟೋಪು ಮುಂದುವರಿದ ಕಾರಣಕ್ಕೇ ಇವತ್ತು ಸಾಲದಾಗಬಹುದು. ಆದ್ದರಿಂದ ಗಣಿಯಲ್ಲಿ ಅಳೆಯುವುದು ನಿಲ್ಲುವ ಹಾಗಿಲ್ಲ.

ಅಳೆಯುವ ಸಾಧನಗಳಲ್ಲಿ ಕೆಲವು ಬಹಳ ಸರಳ. ಛಾವಣಿಯ ಆಳದಲ್ಲಿ ಒಂದು ಸರಳನ್ನು ಕಚ್ಚಿಸಿ ಅದರ ತುದಿಗೆ ಹಸಿರು, ಹಳದಿ, ಕೆಂಪು ಪಟ್ಟಿ ಬಳಿದ 'ಟೆಲ್ ಟೇಲ್' ಇಟ್ಟರೆ, ಪದರ ಬಿಟ್ಟುಕೊಂಡಂತೆ ಪಟ್ಟಿಗಳು ಒಂದೊಂದಾಗಿ ಮರೆಯಾಗುತ್ತವೆ. ದಾರಿಹೋಕ ಆಳಿಗೂ ಅದು ಓದಲು ಬರುತ್ತದೆ. ಎಂಜಿನಿಯರನ ಕಂಪ್ಯೂಟರಿನಲ್ಲಿ ಮಾತ್ರ ಕಾಣುವ ಅಳತೆಗಿಂತ, ಕೆಳಗೆ ನಿಂತವನ ಕಣ್ಣಿಗೆ ಕಾಣುವ ಅಳತೆ ಹೆಚ್ಚು ಜೀವ ಉಳಿಸುತ್ತದೆ.

ಆಳದ ಸಿಡಿತಕ್ಕೆ ಬೇರೆ ಕಿವಿ ಬೇಕಾಯಿತು. ಕೆಜಿಎಫ್‌ನಲ್ಲಿ 1912ರಲ್ಲೇ ವೀಖರ್ಟ್ ಭೂಕಂಪಮಾಪಕ ಸ್ಥಾಪಿಸಿ ನಡುಕಗಳನ್ನು ಬರೆದಿಡತೊಡಗಿದರು. ಒಂದೇ ಮಾಪಕದಿಂದ ಯಾವಾಗ, ಎಷ್ಟು ಎಂಬುದು ತಿಳಿಯುತ್ತದೆ, ಯಾವ ಲೆವೆಲ್ಲಿನಲ್ಲಿ ಎಂಬುದು ಖಚಿತವಾಗುವುದಿಲ್ಲ. 1978ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೆರವಿನಿಂದ ಗಣಿ ಪ್ರದೇಶದಲ್ಲಿ ನೆಲದ ನಡುಕ ಹಿಡಿಯುವ ಜಿಯೋಫೋನುಗಳ ಜಾಲ ಹರಡಿದ ಮೇಲೆ ಆ ಕೊರತೆ ನೀಗಿತು. ಅಲೆ ಒಂದೊಂದು ಜಿಯೋಫೋನಿಗೆ ತಲುಪಿದ ಕ್ಷಣಗಳ ವ್ಯತ್ಯಾಸದಿಂದ ಸಿಡಿದ ಜಾಗವನ್ನು ಗುರುತಿಸಬಹುದಾಯಿತು. ಗೌರಿಬಿದನೂರಿನಲ್ಲಿ ಅದೇ ಕೇಂದ್ರದ ಭೂಕಂಪ ಮಾಪನ ಜಾಲ 1965ರಿಂದಲೇ ಇತ್ತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಕೆಜಿಎಫ್‌ನಲ್ಲೇ ಹುಟ್ಟಿತು. ಈಗ ಅದು ಬೆಂಗಳೂರಿನಲ್ಲಿದ್ದು, ಅಣೆಕಟ್ಟು, ಸುರಂಗ, ಗಣಿಗಳ ಬಂಡೆಯ ಬಗ್ಗೆ ದೇಶಕ್ಕೆಲ್ಲ ಸಲಹೆ ಕೊಡುತ್ತಿದೆ. ಆ ಸಂಸ್ಥೆಯ ತಿಳಿವಿನ ಬೇರು ಚಾಂಪಿಯನ್ ರೀಫಿನ ಸಾವುಗಳಲ್ಲಿದೆ.

ಈ ಜಾಲಗಳು ಸಿಡಿಯುವ ಗಳಿಗೆಯನ್ನು ಮುಂಚಿತವಾಗಿ ಹೇಳಲಾರವು. ಒಂದು ಭಾಗದಲ್ಲಿ ಸಣ್ಣ ನಡುಕಗಳು ಒತ್ತೊತ್ತಾಗಿ ಬರುತ್ತಿವೆ ಎಂದರೆ ಅಲ್ಲಿಂದ ಜನರನ್ನು ಹಿಂದೆಗೆಯಬಹುದು, ಸಿಡಿಮದ್ದು ಹಾರಿಸಿದ ಮೇಲೆ ಎಷ್ಟು ಹೊತ್ತು ಕಾದು ಒಳಗೆ ಹೋಗಬೇಕೆಂದು ತೀರ್ಮಾನಿಸಬಹುದು, ಮುಂದಿನ ಸ್ಟೋಪಿನ ಕ್ರಮ ತಿದ್ದಬಹುದು. ಇಷ್ಟಾದರೂ ಸಣ್ಣ ಸಹಾಯವಲ್ಲ.

ಕಾನೂನಿನ ಕಥೆಯೂ ಇದೇ ಊರನ್ನು ಹಾದು ಬರುತ್ತದೆ. 1897ರಲ್ಲಿ ಕೋಲಾರದ ಗಣಿಯಲ್ಲಿ 52 ಜನ ಸತ್ತ ದುರಂತವೂ, ಅದರ ಹಿಂದೆಯೇ ಬಲೂಚಿಸ್ತಾನದ ಖೋಸ್ಟ್ ಕಲ್ಲಿದ್ದಲು ಗಣಿಯ ದುರಂತವೂ ಸೇರಿ 1901ರ ಮೊದಲ ಗಣಿ ಕಾಯಿದೆಯನ್ನು ಬೇಗ ತಂದವು. ಮರುವರ್ಷ ಗಣಿ ತಪಾಸಣಾ ಕಚೇರಿ ಹುಟ್ಟಿತು, ಅದೇ ಇಂದಿನ ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. 1952ರ ಗಣಿ ಕಾಯಿದೆಯಡಿ ಬಂದ 1961ರ ಲೋಹದ ಗಣಿಗಳ ನಿಯಮಾವಳಿ, 2017ರ ಕಲ್ಲಿದ್ದಲು ಗಣಿ ನಿಯಮಾವಳಿ ಇವು ಛಾವಣಿಯ ಪರೀಕ್ಷೆ ಯಾರು ಮಾಡಬೇಕು, ಆಸರೆಯ ಹೊಣೆ ಯಾರದು ಎಂಬುದನ್ನು ಹೆಸರಿಟ್ಟು ಹೇಳುತ್ತವೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಿರುವ ಗಣಿಗೂ ಅನ್ವಯಿಸುತ್ತ ಬಂದದ್ದು ಆ ಲೋಹದ ಗಣಿಗಳ ನಿಯಮಾವಳಿ. ಆ ಗಣಿ ಆಳಕ್ಕಿಳಿದಷ್ಟೂ ಕೋಲಾರದ ದಾಖಲೆಗಳು ಅದಕ್ಕೆ ಹೆಚ್ಚು ಬೇಕಾಗುತ್ತವೆ.

ಗಣಿ ಮುಚ್ಚಿದ ಮಾತ್ರಕ್ಕೆ ಕಂಬಗಳ ಹೊಣೆ ಮುಗಿಯುವುದಿಲ್ಲ. 2001ರ ನಂತರ ಕೋಲಾರದಲ್ಲಿ ಪಂಪುಗಳು ನಿಂತು ಹಳೆಯ ಸ್ಟೋಪುಗಳಿಗೆ ನೀರು ತುಂಬುತ್ತ ಬಂತು. ಬಿರುಕುಗಳಿಗೆ ನೀರಿನ ಒತ್ತಡ ಸೇರಿ, ಉಳಿದ ಕಂಬಗಳೂ ಸ್ತರಭಂಗಗಳೂ ಮತ್ತೆ ಅಲ್ಲಾಡಿದವು. ಗಣಿ ಮುಚ್ಚಿದ ಮೇಲೂ ನಡುಕಗಳು ದಾಖಲಾಗಿವೆ, ಊರಿನವರ ಅನುಭವಕ್ಕೂ ಬಂದಿವೆ. ಕೈಬಿಟ್ಟ ಗಣಿಯ ಕೊನೆಯ ನಕ್ಷೆಯನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ನಿಯಮ ಇರುವುದು ಇದಕ್ಕೇ. ಎಲ್ಲೆಲ್ಲಿ ಪೊಳ್ಳಿದೆ, ಎಲ್ಲಿ ಗ್ರಾನೈಟ್ ಗೋಡೆ ಇದೆ, ಎಲ್ಲಿ ಕಂಬ ಉಳಿದಿದೆ ಎಂಬುದು ಆ ನಕ್ಷೆಯಲ್ಲಿ ಮಾತ್ರ ಸಿಗುತ್ತದೆ. ಮುಂದೆ ಯಾರಾದರೂ ಆ ಗಣಿಯನ್ನು ಮತ್ತೆ ತೆರೆಯಹೊರಟರೆ ಕೆಲಸ ಶುರುವಾಗಬೇಕಾದ್ದು ಆ ನಕ್ಷೆಯಿಂದ. ನೀರನ್ನು ನಿಧಾನವಾಗಿ ಇಳಿಸುತ್ತ, ಜಿಯೋಫೋನುಗಳನ್ನು ಮೊದಲೇ ಹೂಡಿ ನಡುಕ ನೋಡುತ್ತ, ಕೊಳೆತ ಮರದ ಆಸರೆಯ ಜಾಗದಲ್ಲಿ ಹೊಸ ಆಸರೆ ಕೊಟ್ಟ ಮೇಲಷ್ಟೇ ಒಂದೊಂದು ಲೆವೆಲ್ಲಿಗೂ ಆಳುಗಳನ್ನು ಇಳಿಸಬೇಕು.